ಬಲಗಡೆ ಬಿದ್ದ ಹೂವು

ಅತ್ತಿಗುಪ್ಪೆ, ಬೆಂಗಳೂರು
೯ ಫೆಬ್ರುವರಿ ೨೦೨೫

ಪ್ರೀತಿಯ ವೀರೇಶ್ ಅವರಿಗೆ,

ನೀವು ಊರು ಸೇರಿ ವಾರವಾಯಿತು. ನಿಮ್ಮ ತಾಯಿ ಹೊನ್ನವ್ವ ಅತ್ತೆಯ ಮಂಡಿನೋವು ಹೇಗಿದೆ? ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಫೋನಿದ್ದೂ ಕಾಗದವೇಕೆ ಅಂತೀರೇನೋ. ಫೋನಿನಲ್ಲಿ ನೀವು ನಕ್ಕು ನನ್ನ ಬಾಯಿ ಮುಚ್ಚಿಸಿಬಿಡುತ್ತೀರಿ. ಕಾಗದದಲ್ಲಿ ಆ ಕಾಟವಿಲ್ಲ.

ಇಲ್ಲಿ ಮದುವೆಯ ಗಲಾಟೆ ಶುರುವಾಗಿದೆ. ವಿಜಯನಗರದಲ್ಲಿ ಛತ್ರ ಗೊತ್ತಾಯಿತು. ನಮ್ಮ ಮಹಡಿಯ ರೂಮಿಗೆ ಬಾಡಿಗೆಗೆ ಬಂದ ನಿಮ್ಮನ್ನು "ಆ ಗದಗಿನ ಕಡೆ ಹುಡ್ಗ" ಎನ್ನುತ್ತಿದ್ದ ಅಪ್ಪ ಈಗ ಬೀದಿಗೆಲ್ಲ "ನಮ್ ಅಳಿಯಂದ್ರು ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಲ್ಲಿ ಕಟಿಂಗ್ ಮಾಸ್ಟ್ರು" ಎಂದು ಸಾರುತ್ತಿದ್ದಾರೆ. ಅಷ್ಟು ದಿನ ಅಡ್ಡ ಬಂದಿದ್ದ ಜಾತಿ ಎಲ್ಲಿಗೆ ಹೋಯಿತೋ! ಒಂದು ಹೂವು ಬಲಕ್ಕೆ ಬಿದ್ದದ್ದಕ್ಕೆ ಇಷ್ಟೆಲ್ಲ.

ಆ ಬೆಳಿಗ್ಗೆ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಹಿಂದಿನ ದಿನವೇ ಅಪ್ಪ ಷರತ್ತು ಹಾಕಿದ್ದರಲ್ಲ, "ಮಾರಮ್ಮ ಬಲಗಡೆ ಹೂ ಕೊಟ್ರೆ ಮದುವೆ. ಎಡಗಡೆ ಕೊಟ್ರೆ ನಾಳೇನೇ ಮನೆ ಖಾಲಿ ಮಾಡ್ಬೇಕು, ನನ್ ಮಗಳನ್ನ ಮರೀಬೇಕು" ಅಂತ. ನೀವು ತಲೆ ಬಗ್ಗಿಸಿ, "ತಾಯಿ ಹೆಂಗ ಹೇಳ್ತಾಳ ಹಂಗರಿ" ಅಂದಿರಿ. ಅಪ್ಪನನ್ನು ಮೆತ್ತಗೆ ಮಾಡಲು ಹಾಗಂದಿರಿ ಎಂದುಕೊಂಡು ನಾನು ಒಳಗೊಳಗೇ ನಕ್ಕಿದ್ದೆ.

ಗುಡಿಯಲ್ಲಿ ಪೂಜಾರಿ ಫ್ಯಾನ್ ಆರಿಸಿ, ಮಾರಮ್ಮನ ಎರಡೂ ಭುಜಕ್ಕೆ ಒದ್ದೆ ಸೇವಂತಿಗೆ ಅಂಟಿಸಿದರು. ಅಪ್ಪನ ತಂಗಿ ಚಿಕ್ಕಲಕ್ಷ್ಮಮ್ಮ ಅತ್ತೆ "ಕೊಡಮ್ಮ, ಕೊಡು ತಾಯಿ" ಎಂದು ಗೋಗರೆಯುತ್ತಿದ್ದರು. ಎಲ್ಲರ ಕಣ್ಣೂ ಹೂವಿನ ಮೇಲೆ. ನಾನು ನಿಮ್ಮನ್ನೇ ನೋಡುತ್ತಿದ್ದೆ. ನೀವು ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ.

ಟೆರೇಸಿನಲ್ಲಿ ನಮ್ಮ ಜಗಳ ನೆನಪಿದೆಯಾ? ಎಲ್ಲ ಹಣೆಬರಹ ಅಂತ ನೀವು. ಹಾಗಾದರೆ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಯಾಕೆ ಎಳೀತೀರಿ, ಕತ್ತರಿ ಬಂದ ಕಡೆ ಬಿಡಿ ಅಂತ ನಾನು. "ಆ ಗೆರಿ ನಾ ಎಳೀಬೇಕಂತನೂ ಬರದದ್ದರಿ" ಅಂದು ನಗುತ್ತಿದ್ದಿರಿ. ಆಗ ನನಗೂ ಅದು ತಮಾಷೆಯಾಗಿತ್ತು.

ಈಗ ತಮಾಷೆ ಅನಿಸುತ್ತಿಲ್ಲ. ಎಲ್ಲರೆದುರು ನಿಮ್ಮನ್ನು ಬೇಕು ಅಂದವಳು ನಾನು. ಆ ಮಾತನ್ನೀಗ ಯಾರೂ ಲೆಕ್ಕಕ್ಕೇ ಇಟ್ಟಿಲ್ಲ. ಸ್ವಲ್ಪ ದಿನ ತಡೆಯೋಣ ಅಂದದ್ದಕ್ಕೆ ಅಮ್ಮ, "ಮಾರಮ್ಮನೇ ಕೊಟ್ಟ ಮೇಲೆ ನಿಂದೇನೇ ಅಧಿಕಪ್ರಸಂಗ?" ಎಂದು ರೇಗಿದಳು. ಬೇಡ ಅಂದರೆ ದೇವರಿಗೆ ಎದುರಾಡಿದ ಹಾಗೆ. ಬೇಕು ಅಂದರೆ ಅದೂ ಹೂವಿನ ಮಾತೇ. ನನ್ನದು ಅಂತ ಏನು ಉಳಿಯಿತು ಹೇಳಿ?

ಹೊನ್ನವ್ವ ಅತ್ತೆಗೆ ನಮಸ್ಕಾರ ತಿಳಿಸಿ. ಬಿಸಿಲಲ್ಲಿ ಅಲೆಯಬೇಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮಾರಮ್ಮ ನಿಮ್ಮನ್ನು ಚೆನ್ನಾಗಿಟ್ಟಿರಲಿ. ಈ ಮಾತನ್ನು ಮನಸಾರೆ ಬರೆದಿದ್ದೇನೆ.

ನಿಮ್ಮ,
ಮಾನಸ

ತಾ.ಕ.: ಗುಡಿಯಿಂದ ಬಂದು, ನೀವು ಅಪ್ಪನ ಜೊತೆ ಕಾಫಿ ಕುಡಿಯುತ್ತಿದ್ದಾಗ, ಸಿಹಿ ಇಟ್ಟು ಬರೋಣವೆಂದು ನಿಮ್ಮ ರೂಮಿಗೆ ಹೋದೆ. ಬಾಗಿಲು ಬರೀ ಮುಂದೆ ಮಾಡಿತ್ತು, ಬೀಗ ಹಾಕಿರಲಿಲ್ಲ. ಒಳಗೆ ಹಾಸಿಗೆ ಸುತ್ತಿ ಕಟ್ಟಿತ್ತು. ಸೂಟ್‌ಕೇಸ್ ತುಂಬಿ ನಿಂತಿತ್ತು. ಗುಡಿಗೆ ಹೊರಡುವ ಮೊದಲೇ ಅದರ ಮೇಲೆ ಅಪ್ಪನಿಗೆ ಒಪ್ಪಿಸಲು ಬೀಗದ ಕೈ ಇಟ್ಟಿದ್ದಿರಿ. ಹಿಂದಿನ ದಿನ ನಾನೂ ಒಂದು ಬ್ಯಾಗ್ ತುಂಬಿಸಿದ್ದೆ, ಹೂವು ಎಡಕ್ಕೆ ಬಿದ್ದರೆ ನಿಮ್ಮ ಜೊತೆ ಹೊರಟುಬಿಡಲು. ಆ ಬ್ಯಾಗ್ ನನ್ನ ಮಂಚದ ಕೆಳಗೇ ಇದೆ. ಇನ್ನೂ ಬಿಚ್ಚಿಲ್ಲ.