ರೋಲಿಯ ಕಾರಿಗೆ ಬಂದ ಬೆಲೆ

ಹಾರ್ಲನ್ ಮಾವನಿಗೆ,

ಟೂಸಾನಿನಿಂದ ನಿಮ್ಮ ತಂಗಿ ಅಡೆಲ್ ಅತ್ತೆ ಫೋನು ಮಾಡಿದ್ದರು. ನಿಮಗೆ ಮೆಟ್ಟಿಲು ಹತ್ತಲಾಗುತ್ತಿಲ್ಲವಂತೆ, ಕಾಲು ಊದಿದೆಯಂತೆ, ಹೃದಯ ದಣಿದಿದೆ ಎಂದು ಡಾಕ್ಟರು ಅಂದರಂತೆ. ನೀವು ಮಾತ್ರ "ಇಂಜಿನ್ ಹಳೇದು, ಬಾಡಿ ಚೆನ್ನಾಗಿದೆ" ಅಂತ ನರ್ಸಮ್ಮನ ಹತ್ತಿರ ವ್ಯಾಪಾರ ಕುದುರಿಸುತ್ತಿದ್ದೀರಂತೆ. ನಗು ಬಂತು. ಆಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಈ ಎರಡು ವರ್ಷ ನಾವಿಬ್ಬರೂ ಫೋನಿನಲ್ಲಿ ಮಾತಾಡಿದ್ದು ಹವಾಮಾನ ಒಂದೇ. ಮಿಷಿಗನ್ನಿನಲ್ಲಿ ಹಿಮ, ಅಲ್ಲಿ ಬಿಸಿಲು, ಮಗಳು ಪೇಜ್ ಚೆನ್ನಾಗಿದ್ದಾಳೆ, ಸರಿ ಇಡಲಾ. ಅದಕ್ಕೇ ಬರೆಯುತ್ತಿದ್ದೇನೆ.

ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯಲು ಹೋದ ನನ್ನ ಗಂಡ ರೋಲಿ, ಮಂಜುಗಡ್ಡೆ ಒಡೆದು ಒಳಗೆ ಹೋದ ಚಳಿಗಾಲದಲ್ಲಿ ನೀವು ನನ್ನನ್ನು ನಿಮ್ಮ ಕಾರಿನ ಶೋರೂಮಿಗೆ ಕರೆದಿರಿ. ಮಗ ಹೋದ ದುಃಖದಲ್ಲಿ ನಿಮಗೇ ಊಟ ಸೇರುತ್ತಿರಲಿಲ್ಲ. ಆದರೂ ನನ್ನ ಮನೆ ಬಾಗಿಲಲ್ಲಿ ನಿಂತು, "ನೊರೀನ್, ಮೀನು ಹಿಡಿಯೋಕೆ ಹೋದೋನು ಬರಲ್ಲ. ಮಗು ಇದೆ. ನಾಳೆ ಬೆಳಿಗ್ಗೆ ಬಾ, ಹಳೇ ಕಾರಿನ ಬೆಲೆ ಕಟ್ಟೋದು ಕಲಿಸ್ತೀನಿ" ಅಂದಿರಿ. ಬಾಗಿಲ ಸಂದು ನೋಡು, ಸೀಟಿನ ಕೆಳಗೆ ಕೈ ಹಾಕು, ಆಮೇಲೆ ಕಾರಿನೋನ ಮುಖ ನೋಡು ಅಂತ ಕಲಿಸಿದಿರಿ. ನನಗೆ ಅನ್ನದ ದಾರಿ ತೋರಿಸಿದವರು ನೀವು.

ರೋಲಿಯ ಆಕಾಶನೀಲಿ ಕಾರು ಶೋರೂಮಿನ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿರುತ್ತಿತ್ತು. ಮದುವೆಗೂ ಮುಂಚೆ ಯಾವುದೋ ರೈತನ ಕೊಟ್ಟಿಗೆಯಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಕಾರನ್ನು ತಂದು, ಮೂರು ಬೇಸಿಗೆ ಅದರ ಹೊಟ್ಟೆಯೊಳಗೇ ಮಲಗಿ ಎಬ್ಬಿಸಿದವನು ಅವನು. ಕಾಗದಪತ್ರ ನಿಮ್ಮ ಹೆಸರಿನಲ್ಲಿತ್ತು, ಆಗ ಅದು ಯಾರಿಗೂ ದೊಡ್ಡದೆನಿಸಿರಲಿಲ್ಲ. ಶನಿವಾರ ಮಧ್ಯಾಹ್ನ ಗಿರಾಕಿಗಳಿಲ್ಲದಾಗ ನಾನು ಬಟ್ಟೆ ಸರಿಸಿ ಒಳಗೆ ಕೂರುತ್ತಿದ್ದೆ. ನೀವು ನೋಡಿಯೂ ನೋಡದವರಂತೆ ಕಾಫಿ ಹಿಡಿದು ಆಚೆ ಹೋಗುತ್ತಿದ್ದಿರಿ.

ಆಮೇಲೆ ಆ ವರ್ಷ ಬಂತು. ಪೆಟ್ರೋಲು ಏರಿತು, ಊರಿನ ಕಾರು ಫ್ಯಾಕ್ಟರಿ ಒಂದು ಪಾಳಿ ನಿಲ್ಲಿಸಿತು, ಆಮೇಲೆ ಗೇಟನ್ನೇ ಮುಚ್ಚಿತು. ನಮಗೆ ಗಾಡಿ ಕಳಿಸುವ ಕಂಪನಿಯವರು ಹೊಸ ಪಿಕಪ್ ಟ್ರಕ್ಕಿನ ಮೇಲೆ ವಾರಕ್ಕೊಂದು ರಿಯಾಯಿತಿ ಸಾರಿದರು. ಕೊನೆಗೆ ಹೊಸ ಟ್ರಕ್ಕು ನಮ್ಮ ಶೋರೂಮಿನ ಹಿತ್ತಲಿನ ಸಾಲಿನಲ್ಲಿ ನಿಂತ ಹಳೆಯದಕ್ಕಿಂತ ಅಗ್ಗವಾಯಿತು! ಹಳೆಯದನ್ನು ಕೇಳುವವರೇ ಇಲ್ಲ. ಹೋದ ತಿಂಗಳು ಕೊಂಡವರು ಬಂದು, "ನನ್ನ ಪಕ್ಕದ ಮನೆಯೋನಿಗೆ ನಾಲ್ಕು ಸಾವಿರ ಕಡಿಮೆಗೆ ಕೊಟ್ಟಿದ್ದೀರಲ್ಲಾ, ನಾನೇನು ನಿಮ್ಮಪ್ಪನ ಮನೆ ದನ ಕದ್ದಿದ್ನಾ?" ಎಂದು ಕೂಗಾಡುತ್ತಿದ್ದರು. ಅವರಿಗೆ ಡೋನಟ್ ಕೊಟ್ಟು ಕೂರಿಸುವುದೇ ನನ್ನ ಕೆಲಸವಾಗಿತ್ತು.

ಕರ್ಟಿಸ್ ಓಡಮ್ ಬಂದ ದಿನ ನಿಮಗೆ ನೆನಪಿರಬಹುದು. ಅವನ ಫ್ಯಾಕ್ಟರಿ ಕೆಲಸ ಹೋಗಿತ್ತು. ಲ್ಯಾನ್ಸಿಂಗಿನ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ ಸಿಕ್ಕಿತ್ತು. ಅಷ್ಟು ದೂರ ಆ ದೊಡ್ಡ ಟ್ರಕ್ಕು ಓಡಿಸಿದರೆ ಸಂಬಳವೆಲ್ಲ ಪೆಟ್ರೋಲಿಗೇ. ಅದನ್ನು ಕೊಟ್ಟು ಸಣ್ಣ ಕಾರು ಒಯ್ಯಬೇಕೆಂದು ಬಂದಿದ್ದ. ನಾನು ಅವನ ಟ್ರಕ್ಕಿಗೆ ಆರು ಸಾವಿರ ಡಾಲರ್ ಎಂದೆ. ಅವನು ಟೋಪಿ ತೆಗೆದು, "ಜುಲೈನಲ್ಲಿ ಹಾರ್ಲನ್ ಹತ್ತು ಅಂದಿದ್ರು, ತಾಯಿ" ಎಂದ. ನೀವು ಒಳಗಿನಿಂದ ಬಂದಿರಿ.

"ಹತ್ತು ಅಂದಿದ್ನಾ?"

"ಅಂದಿದ್ರಿ. ಆದ್ರೆ ಅದು ಜುಲೈ, ಈಗ ಅಕ್ಟೋಬರ್. ನಂಗೂ ಗೊತ್ತಾಗುತ್ತೆ ಬಿಡಿ."

"ನನ್ನ ನಾಲಿಗೆಗೆ ಕ್ಯಾಲೆಂಡರ್ ಇಲ್ಲ ಕಣೋ. ನೊರೀನ್, ಹತ್ತು ಹಾಕು."

ಎಲ್ಲರೆದುರಿಗೆ ನಾನು, "ಮಾವ, ಹೀಗಾದ್ರೆ ಬಾಗಿಲು ಹಾಕಬೇಕಾಗುತ್ತೆ" ಎಂದೆ. ನೀವು, "ಹಾಕೋಣ. ಬೀಗ ನನ್ನ ಹತ್ರಾನೇ ಇದೆ" ಎಂದಿರಿ. ಊರಿನಲ್ಲಿ ಮಾತು ನಿಲ್ಲುತ್ತದೆಯೇ? ಬೇಸಿಗೆಯಲ್ಲಿ ನೀವು ಬೆಲೆ ಹೇಳಿದ್ದವರೆಲ್ಲ ಒಬ್ಬೊಬ್ಬರಾಗಿ ಬಂದರು. ಒಬ್ಬರಿಗೂ ನೀವು ಮಾತು ತಪ್ಪಲಿಲ್ಲ. ಹಿತ್ತಲಿನ ಸಾಲು ತುಂಬಿತು. ಯಾರೂ ಕೊಳ್ಳದ ಟ್ರಕ್ಕುಗಳ ಮೇಲೆ ಹಿಮ ಕೂತಿತು.

ಫೆಬ್ರವರಿಯ ಒಂದು ಬೆಳಿಗ್ಗೆ ನಾನು ಒಳಗೆ ಬಂದಾಗ ರೋಲಿಯ ಕಾರಿನ ಮೂಲೆ ಖಾಲಿ. ಬಟ್ಟೆ ಮಡಿಸಿ ಕುರ್ಚಿಯ ಮೇಲೆ ಇಟ್ಟಿತ್ತು. ನೆಲದ ಮೇಲೆ ಅಂಗೈಯಗಲ ಎಣ್ಣೆಯ ಕಲೆ. ಓಡಿ ನಿಮ್ಮ ಕೋಣೆಗೆ ಬಂದೆ. ನೀವು ತಲೆ ಎತ್ತದೆ ಹೇಳಿದಿರಿ: "ಹದಿನೈದು ಸಾವಿರ ಬಂತು. ಒಳ್ಳೇ ಬೆಲೆ. ಕಾರು ಇರೋದು ಮಾರೋಕೆ, ನೊರೀನ್. ನೋಡ್ಕೊಂಡು ಕೂರೋಕಲ್ಲ."

"ಒಳ್ಳೇ ಬೆಲೆ ಬಂದ್ರೆ ಅವನನ್ನೂ ಮಾರ್ತಿದ್ರಾ?" ಎಂದೆ ನಾನು.

ಊರಿನವರಿಗೆಲ್ಲ ಕೈಯೆತ್ತಿ ಕೊಟ್ಟವರು ನನ್ನ ಗಂಡನ ಕಾರಿನ ಮೇಲೆ ಮಾತ್ರ ಲಾಭ ನೋಡಿದರಲ್ಲ ಎಂಬ ಉರಿ ನನ್ನ ಎದೆಯಲ್ಲಿ ಕೂತುಬಿಟ್ಟಿತು. ವಸಂತದಲ್ಲಿ ಕಂಪನಿ ನಮ್ಮ ಡೀಲರ್‌ಶಿಪ್ಪನ್ನು ಕಿತ್ತುಕೊಂಡಿತು. ಕ್ರೇನಿನವರು ನಿಮ್ಮ ಹೆಸರಿನ ಬೋರ್ಡು ಇಳಿಸುವಾಗ ನಾನು ನಿಮ್ಮ ಪಕ್ಕದಲ್ಲಿ ನಿಲ್ಲಲಿಲ್ಲ. ನೀವು ತಂಗಿಯ ಊರಿಗೆ ಹೊರಟ ದಿನ ಪೇಜಳನ್ನು ಕಳಿಸಿದೆ, ನಾನು ಬರಲಿಲ್ಲ.

ಹೋದ ವಾರ ನಮ್ಮ ಮೆಕ್ಯಾನಿಕ್ ವರ್ಜಿಲ್ ಸಿಕ್ಕಿದ್ದ, ಹೈವೇ ಪಕ್ಕದ ಹೋಟೆಲಿನಲ್ಲಿ. ನಿಮ್ಮ ಕಾಯಿಲೆಯ ಸುದ್ದಿ ಹೇಳಿದೆ. ಅವನು ತಟ್ಟೆಯನ್ನು ಆಚೆ ತಳ್ಳಿದ. ಆಮೇಲೆ, "ಹೇಳಬಾರದು ಅಂತ ಮಾತು ತಗೊಂಡಿದ್ರು. ಆದ್ರೆ ಅವರು ಹೋದ ಮೇಲೆ ಹೇಳಿ ಏನು ಪ್ರಯೋಜನ" ಎಂದು ಶುರು ಮಾಡಿದ.

ರೋಲಿಯ ಕಾರು ಮಾರಲು ಫ್ಲಿಂಟ್ ಊರಿನ ಕಾರು ಹರಾಜಿಗೆ ಹೋದಾಗ ಅವನೇ ನಿಮ್ಮ ಜೊತೆ ಬಂದಿದ್ದನಂತೆ. ಅಲ್ಲಿ ಕಾರುಗಳನ್ನು ಸಾಲಿನೊಳಗೆ ಓಡಿಸಲು ಕೂಲಿಯವರಿರುತ್ತಾರೆ. ನೀವು ಯಾರಿಗೂ ಕೀಲಿ ಕೊಡಲಿಲ್ಲ. ನಿಮ್ಮ ಮಗನ ಕಾರನ್ನು ನೀವೇ ಓಡಿಸಿಕೊಂಡು ಹೋಗಿ ಹರಾಜಿನವನ ಕಟ್ಟೆಯ ಕೆಳಗೆ ನಿಲ್ಲಿಸಿದಿರಿ. ಅವನು ಹದಿನೈದರಿಂದ ಶುರು ಮಾಡಿದ. ಕೈ ಏಳಲಿಲ್ಲ. ಹನ್ನೆರಡು ಎಂದ, ಹತ್ತು ಎಂದ, ಎಂಟು ಎಂದ. ಊರಿಗೂರೇ ಮನೆ ಕಳೆದುಕೊಳ್ಳುತ್ತಿರುವಾಗ ಷೋಕಿಯ ಕಾರು ಯಾರಿಗೆ ಬೇಕು? ಹಿಂದಿನಿಂದ ಯಾರೋ ಕೂಗಿದನಂತೆ: "ಆ ಮುದುಕನ್ನೂ ಸೇರಿಸಿ ಕೊಡ್ತೀರಾ? ಹಾಗಾದ್ರೆ ಯೋಚನೆ ಮಾಡ್ತೀನಿ!" ಎಲ್ಲರೂ ನಕ್ಕರು. ನೀವೂ ನಕ್ಕಿರಿ. ಸ್ಟೀರಿಂಗ್ ಹಿಡಿದ ಕೈ ಮಾತ್ರ ಸಡಿಲವಾಗಲಿಲ್ಲ ಎಂದ ವರ್ಜಿಲ್.

ಮೂರೂವರೆ ಸಾವಿರಕ್ಕೆ ಇಂಡಿಯಾನಾ ರಾಜ್ಯದವನೊಬ್ಬ ಕೂಗಿಕೊಂಡ. ಸುತ್ತಿಗೆ ಬಿತ್ತು. ನೀವು ಇಳಿಯಲಿಲ್ಲ. ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು. ವರ್ಜಿಲ್ ಬಂದು ಬಾಗಿಲು ತೆರೆದರೆ, "ಕಾಲು ಮರಗಟ್ಟಿದೆ ಕಣೋ, ಒಂದು ನಿಮಿಷ" ಎಂದಿರಂತೆ. ಅವನು ನಿಮ್ಮ ಕಂಕುಳಿಗೆ ಕೈ ಕೊಟ್ಟು ಇಳಿಸಬೇಕಾಯಿತಂತೆ.

ವಾಪಸು ಬರುವಾಗ ನೀವು ಬಾಯಿ ಬಿಟ್ಟದ್ದು ಒಂದೇ ಸಲ. "ನೊರೀನ್‌ಗೆ ಹದಿನೈದು ಬಂತು ಅಂತ ಹೇಳ್ತೀನಿ. ನನ್ನ ಮೇಲೆ ಸಿಟ್ಟಾಗ್ಲಿ, ಪರವಾಗಿಲ್ಲ. ಅವನ ಕಾರು ಯಾರಿಗೂ ಬೇಡವಾಗಿತ್ತು ಅನ್ನೋದು ಮಾತ್ರ ಅವಳಿಗೆ ಗೊತ್ತಾಗಬಾರದು."

ಆ ಹಣ ವರ್ಜಿಲ್‌ಗೂ ಆಫೀಸಿನ ಬರ್ನೀಸಮ್ಮನಿಗೂ ಕೊನೆಯ ಸಂಬಳವಾಯಿತು. ಅದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. "ನಿನ್ನ ಗಂಡನ ಕಾರನ್ನ ನಾನು ತಿಂದೆ, ತಾಯಿ" ಎಂದ. ಆ ಗಟ್ಟಿ ಮುದುಕ ಕಾಗದದ ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡ.

ಮಾವ, ನಾನೀಗ ಪಕ್ಕದೂರಿನಲ್ಲಿ ಬೇರೆಯವರ ಅಂಗಳದಲ್ಲಿ ಹಳೇ ಕಾರು ಮಾರುತ್ತೇನೆ. ಹೊಸ ಕಾರುಗಳು ಕಡಿಮೆಯಾಗಿ ಹಳೆಯವಕ್ಕೆ ಈಗ ಕೈಗಳು ಮೇಲೇಳುತ್ತಿವೆ. ನಿಮ್ಮ ಹಿತ್ತಲಿನ ಸಾಲಿನಲ್ಲಿದ್ದಂಥ ಟ್ರಕ್ಕುಗಳು ಬಂದ ವಾರದಲ್ಲೇ ಹೋಗುತ್ತಿವೆ. ಎರಡು ವರ್ಷ ತಡೆದಿದ್ದರೆ ಎಲ್ಲವೂ ಉಳಿಯುತ್ತಿತ್ತೇನೋ. ಆದರೆ ಎರಡು ವರ್ಷ ತಡೆಯಲು ಯಾರ ಹತ್ತಿರ ಏನಿತ್ತು? ಇದನ್ನು ಚುಚ್ಚಲೆಂದು ಬರೆದಿಲ್ಲ. ಈ ಮಾತನ್ನು ಅರ್ಥ ಮಾಡಿಕೊಳ್ಳಬಲ್ಲವರು ನನಗೆ ಇನ್ನಾರೂ ಇಲ್ಲ.

ಕ್ಷಮಿಸಿದ್ದೇನೆ ಎಂದು ಬರೆಯಲು ಕೂತರೆ ಆ ಮಾತು ಸುಳ್ಳೆನಿಸುತ್ತದೆ. ನೀವು ನನ್ನನ್ನು ಕೇಳಬೇಕಿತ್ತು. ನಾನು ಅತ್ತು, ಜಗಳವಾಡಿ, ಕೊನೆಗೆ ನಿಮ್ಮ ಪಕ್ಕದ ಸೀಟಿನಲ್ಲಿ ಕೂತು ಫ್ಲಿಂಟಿಗೆ ಬರುತ್ತಿದ್ದೆ. ಆ ನಗುವನ್ನು ಇಬ್ಬರೂ ಕೇಳಿಸಿಕೊಳ್ಳುತ್ತಿದ್ದೆವು. ನೀವೊಬ್ಬರೇ ಕೇಳಿಸಿಕೊಂಡಿರಿ ಎಂಬುದು ನನಗೆ ಈಗ ಕಾರು ಹೋದದ್ದಕ್ಕಿಂತ ಹೆಚ್ಚು ನೋಯುತ್ತಿದೆ.

ಶುಕ್ರವಾರ ಪೇಜಳನ್ನು ಕರೆದುಕೊಂಡು ಹೊರಡುತ್ತೇನೆ. ದೂರದ ದಾರಿ, ಎಲ್ಲೆಲ್ಲಿ ತಂಗುತ್ತೇವೋ ಗೊತ್ತಿಲ್ಲ. ನಾವು ಬರುವಷ್ಟರಲ್ಲಿ ನಿಮಗೆ ಹೊರಟುಬಿಡುವ ಅವಸರವಾದರೆ, ಅಡೆಲ್ ಅತ್ತೆ, ಇದನ್ನು ಅವರ ಕಿವಿಯ ಹತ್ತಿರ ಗಟ್ಟಿಯಾಗಿ ಓದಿ: ಮಾವ, ಆ ಕಾರಿಗೆ ಎಷ್ಟು ಬಂತೆಂದು ನನಗೆ ಗೊತ್ತಾಗಿದೆ. ಇನ್ನು ಆ ಭಾರ ನೀವೊಬ್ಬರೇ ಹೊರಬೇಡಿ.

ನಿಮ್ಮ ಉಸಿರು ಹಗುರಾಗಲಿ, ನಿದ್ದೆ ತಂಪಾಗಿ ಬರಲಿ.

ದಾರಿಯಲ್ಲಿರುವ ನಿಮ್ಮ ಸೊಸೆ,
ನೊರೀನ್