ನಮ್ಮ ಹೆಸರಿನಲ್ಲಿ ಬೇರೆ ಯಾರೋ

ಅಂಗಡಿಯ ಹಿಂದಿನ ಕೋಣೆ,
ಗುರುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯೇ? ಚಳಿಗೆ ಗಂಟಲು ಕಟ್ಟುವುದು ಕಡಿಮೆಯಾಗಿದೆಯೇ? ಬೂಟಿನ ಕಾರ್ಖಾನೆಯ ಸದ್ದಿಗೆ ತಲೆ ಸಿಡಿಯುತ್ತಿರಬೇಕು, ಕಿವಿಗೆ ಹತ್ತಿಯಾದರೂ ಇಟ್ಟುಕೋ. ಹೊತ್ತು ಹೊತ್ತಿಗೆ ಉಣ್ಣು. ನಿನ್ನ ವಿಳಾಸ ಕೊಟ್ಟವಳು ಲೈಬ್ರರಿಯಲ್ಲಿ ಕೆಲಸ ಮಾಡುವ ನಿನ್ನ ಗೆಳತಿ. ಪಾಪ, ಅವಳ ಮೇಲೆ ಸಿಟ್ಟಾಗಬೇಡ. ಅವಳ ಮೇಜಿನ ಮುಂದೆ ಕುಳಿತವಳು ನಾನು ಏಳಲೇ ಇಲ್ಲ, ಬೇಸತ್ತು ಕೊಟ್ಟಳು. ನಿನ್ನ ಹೊಸ ಫೋನ್ ನಂಬರ್ ಅವಳಿಗೂ ಗೊತ್ತಿಲ್ಲವಂತೆ. ನೀವಿಬ್ಬರೂ ಹಿಂದಿನ ಕಾಲದವರ ಹಾಗೆ ಕಾಗದ ಬರೆದುಕೊಳ್ಳುತ್ತೀರಂತಲ್ಲ! ಅದಕ್ಕೇ ನಾನೂ ಪೆನ್ನು ಹಿಡಿದಿದ್ದೇನೆ. ನಿಮ್ಮಪ್ಪ ಆರೋಗ್ಯವಾಗಿದ್ದಾರೆ, ಕೋಪವೂ ಮೂಗಿನ ತುದಿಯಲ್ಲೇ ಆರೋಗ್ಯವಾಗಿದೆ. ನಾನು ಮಾತ್ರ ಚೆನ್ನಾಗಿಲ್ಲ. ನನಗೆ ಭಯವಾಗಿದೆ ಮಗಳೇ. ಕಳ್ಳ ಮನೆಗೆ ನುಗ್ಗಿದರೆ ಕೂಗಿಕೊಳ್ಳಬಹುದು. ಇದು ಅಂಥ ಭಯವಲ್ಲ, ಯಾರನ್ನು ಕೂಗುವುದೋ ತಿಳಿಯುತ್ತಿಲ್ಲ.

ನೀನು ಅಂಗಡಿಗೆ ಇಂಟರ್ನೆಟ್ಟಿನಲ್ಲಿ ಒಂದು ಹೆಸರು ತೆಗೆದುಕೊಟ್ಟಿದ್ದೆಯಲ್ಲ, ಅದು ಹೋಯಿತು. ಹೋದದ್ದು ಹೇಗೆಂದರೆ, ನೀನು ಮನೆ ಬಿಟ್ಟ ದಿನ ನಿಮ್ಮಪ್ಪ, "ಎರಡು ಕಾಲೂ ಒಂದೇ ಸಮ ಅಂದ್ಕೊಂಡೋರ ಕಾರ್ಖಾನೆಗೆ ಹೋದವಳಿಗೆ ನಮ್ಮ ಅಂಗಡೀಲಿ ಟಪಾಲು ಪೆಟ್ಟಿಗೆ ಯಾಕೆ?" ಎಂದು ಕೂಗಾಡಿ, ಅಂಗಡಿಯ ಹೆಸರಿನಲ್ಲಿದ್ದ ನಿನ್ನ ಮೇಲ್ ಖಾತೆಯನ್ನು ಮುಚ್ಚಿಸಿಬಿಟ್ಟರು. ಹೆಸರನ್ನು ವರ್ಷ ವರ್ಷ ನವೀಕರಿಸಬೇಕು ಎಂದು ನೆನಪಿಸುವ ಪತ್ರಗಳೆಲ್ಲ ಬರುತ್ತಿದ್ದುದು ಆ ಖಾತೆಗೇ ಎಂದು ಅವರಿಗೇನು ಗೊತ್ತು? ನನಗಾದರೂ ಏನು ಗೊತ್ತು? ಪತ್ರಗಳು ಬಂದು ಬಂದು ಮುಚ್ಚಿದ ಬಾಗಿಲಿಗೆ ಬಡಿದು ಹಿಂದಕ್ಕೆ ಹೋದವು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ಮೊದಲು ಸುಳಿವು ಸಿಕ್ಕಿದ್ದು ಮೂಳೆ ಡಾಕ್ಟರಮ್ಮನಿಗೆ. ಕಾಲು ಗಿಡ್ಡ ಉದ್ದ ಇರುವ ಮಕ್ಕಳನ್ನೆಲ್ಲ ನಮ್ಮಲ್ಲಿಗೆ ಬೂಟು ಮಾಡಿಸಲು ಕಳಿಸುವವರು ಅವರೇ ತಾನೇ. ಒಂದು ದಿನ ಫೋನ್ ಮಾಡಿ, ನಿಮ್ಮ ಅಂಗಡಿಯ ಪುಟ ತೆರೆಯುತ್ತಿಲ್ಲ ಎಂದರು. ಇಲ್ಲಿ ನೋಡಿದರೆ ತೆರೆಯುತ್ತಿತ್ತು! ನಿಮ್ಮಪ್ಪ ಮರದ ಅಚ್ಚು ಉಜ್ಜುತ್ತ ಕುಳಿತಲ್ಲಿಂದಲೇ, ಅವರ ಕಂಪ್ಯೂಟರಿಗೇ ವಯಸ್ಸಾಗಿದೆ ಎಂದು ತೀರ್ಪು ಕೊಟ್ಟರು. ಮಾರನೆಯ ದಿನ ನಮ್ಮಲ್ಲೂ ಖಾಲಿ ಪುಟ. ಆಗಲೂ ಅವರದು ಒಂದೇ ಮಾತು, ಕಾಲು ನೋಯುವವರು ನಡೆದುಕೊಂಡೇ ಬರುತ್ತಾರೆ ಎಂದು. ಅದೇ ಹೆಸರಿನಲ್ಲಿದ್ದ ನನ್ನ ಮೇಲ್ ಪೆಟ್ಟಿಗೆಯೂ ಬರಿದಾಯಿತು. ವ್ಯಾಪಾರ ತಣ್ಣಗಾಗಿದೆ ಎಂದುಕೊಂಡು ನಾನೂ ಸುಮ್ಮನಿದ್ದೆ.

ಆಮೇಲೆ ಪಕ್ಕದ ಓಣಿಯ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದೆ. ನೀನು 'ಜೇಡ' ಎಂದು ಹೆಸರಿಟ್ಟಿದ್ದೆಯಲ್ಲ, ಯಾವಾಗಲೂ ವೈರುಗಳ ನಡುವೆಯೇ ಇರುತ್ತಾನೆಂದು, ಅವನೇ. ಅವನು ಹೇಳಿದ್ದನ್ನು ಬರೆಯುತ್ತೇನೆ. ನಿನಗೆ ಇದೆಲ್ಲ ಗೊತ್ತಿರುವುದೇ, ನನಗೆ ಎಷ್ಟು ಅರ್ಥವಾಗಿದೆ ನೋಡಿ ನಗು. "ಅಮ್ಮಾ, ಕಂಪ್ಯೂಟರಿಗೆ ಹೆಸರು ಗಿಸರು ಗೊತ್ತಿಲ್ಲ, ಅದಕ್ಕೆ ಗೊತ್ತಿರೋದು ಬರೀ ನಂಬರು" ಎಂದ. ನಮ್ಮ ಪುಟ ಇರುವ ಯಂತ್ರಕ್ಕೂ ಒಂದು ಉದ್ದನೆಯ ನಂಬರ್ ಇದೆಯಂತೆ. ಅದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅದಕ್ಕೇ ಹೆಸರು. ಯಾರಾದರೂ ನಮ್ಮ ಹೆಸರು ಒತ್ತಿದರೆ, ಅವರ ಕಂಪ್ಯೂಟರು ವಿಳಾಸ ವಿಚಾರಿಸುತ್ತ ಹೊರಡುತ್ತದಂತೆ, ಹೊಸ ಊರಿಗೆ ಬಂದವರ ಹಾಗೆ. ಮೊದಲು ಹತ್ತಿರದವರನ್ನು ಕೇಳುತ್ತದೆ. ಅವರು ಎಲ್ಲಕ್ಕಿಂತ ಮೇಲಿನವರನ್ನು ಕೇಳುತ್ತಾರೆ. ಮೇಲಿನವರು ನನಗೆ ಗೊತ್ತಿಲ್ಲ, ಹೆಸರಿನ ಬಾಲ, ಅಂದರೆ ಕೊನೆಯ ಚುಕ್ಕೆಯ ಆಚೆಗಿನದು, ಅದನ್ನು ನೋಡಿಕೊಳ್ಳುವವರನ್ನು ಕೇಳು ಎನ್ನುತ್ತಾರೆ. ಬಾಲದವರು, ಈ ಹೆಸರಿನ ವಿವರ ಇಟ್ಟವರು ಇಂಥವರು ಎಂದು ತೋರಿಸುತ್ತಾರೆ. ಕೊನೆಗೆ ಅವರು ನಂಬರ್ ಹೇಳುತ್ತಾರೆ. ಇಷ್ಟೂ ತಿರುಗಾಟ ಕಣ್ಣು ಮಿಟುಕಿಸುವುದರೊಳಗೆ! ನಮ್ಮ ಸರಕಾರಿ ಕಚೇರಿಯವರು ಇದನ್ನು ನೋಡಿ ಕಲಿಯಬೇಕು. ಮತ್ತೆ ಮತ್ತೆ ಅಲೆಯುವುದು ಬೇಡವೆಂದು ಹತ್ತಿರದವರು ಆ ಉತ್ತರವನ್ನು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುತ್ತಾರಂತೆ. ನಮ್ಮಲ್ಲಿ ಒಂದು ದಿನ ಹೆಚ್ಚಿಗೆ ಪುಟ ಕಂಡದ್ದು ಆ ಹಳೆಯ ನೆನಪಿನಿಂದ.

ಇಷ್ಟೇ ಆಗಿದ್ದರೆ ನಾನು ಹೆದರುತ್ತಿರಲಿಲ್ಲ. ಪುಟ ಹೋದರೆ ಇನ್ನೊಂದು ಮಾಡಿಸಬಹುದು. ಆದರೆ ಪುಟ ಬೇರೆ, ಹೆಸರು ಬೇರೆ. ಹೆಸರು ನಮ್ಮ ಸ್ವಂತದ್ದಲ್ಲ, ಬಾಡಿಗೆಯದು. ಗಡುವು ಮೀರಿದ ಮೇಲೂ ಕೆಲವು ಕಾಲ ಕಾಯುತ್ತಾರಂತೆ, ಅದೂ ಮುಗಿದರೆ ಯಾರು ಬೇಕಾದರೂ ಎತ್ತಿಕೊಳ್ಳಬಹುದಂತೆ. ಯಾರೋ ಎತ್ತಿಕೊಂಡಿದ್ದಾರೆ. ಮೇಲ್ ಹೋಗುವುದೂ ಹೆಸರಿನ ದಾರಿ ಹಿಡಿದೇ. ಆದ್ದರಿಂದ ನಮಗೆ ಬರೆದದ್ದೆಲ್ಲ ಈಗ ಅವರ ಕೈಗೆ ಹೋಗುತ್ತಿದೆ.

ಭಯ ನಿಜವಾದದ್ದು ಸೋಮವಾರ. ಡಾಕ್ಟರಮ್ಮ ಅಂಗಡಿಗೇ ಬಂದರು. ಒಂದು ಪುಟ್ಟ ಹುಡುಗಿಯ ಪಾದದ ಅಳತೆ, ಚಿತ್ರ ಎಲ್ಲ ಹಳೆಯ ವಿಳಾಸಕ್ಕೆ ಕಳಿಸಿದ್ದರಂತೆ. ನನ್ನ ಹೆಸರಿನಲ್ಲಿ ಉತ್ತರ ಬಂದಿದೆ! ಬಹಳ ವಿನಯದ ಉತ್ತರ. ಹುಡುಗಿಯ ಮನೆ ಎಲ್ಲಿ, ಹಗಲಿನಲ್ಲಿ ಮನೆಯಲ್ಲಿ ಯಾರಿರುತ್ತಾರೆ, ತಂದೆಯ ಬ್ಯಾಂಕ್ ಖಾತೆ ಯಾವುದು, ಎಲ್ಲ ಕಳಿಸಿ, ನಾವೇ ಬಂದು ಅಳತೆ ತೆಗೆದುಕೊಳ್ಳುತ್ತೇವೆ ಎಂದಿತ್ತು. ಅದರಲ್ಲಿ 'ಮೇಡಂ' ಎಂದು ಬರೆದಿದ್ದರಿಂದ ಅವರಿಗೆ ಅನುಮಾನ ಬಂತು. ನಾನು ಎಂದಾದರೂ ಅವರನ್ನು ಮೇಡಂ ಎಂದದ್ದುಂಟೇ? ಪುಣ್ಯಕ್ಕೆ ಅವರು ಮತ್ತೇನನ್ನೂ ಕಳಿಸಲಿಲ್ಲ. ಕಳಿಸಿದವರು ಎಷ್ಟು ಜನರೋ! ನಮ್ಮ ಗಿರಾಕಿಗಳು ಕುಂಟುವವರು, ವಯಸ್ಸಾದವರು, ಸಣ್ಣ ಮಕ್ಕಳು. ನಮ್ಮ ಹೆಸರನ್ನು ನಂಬಿ ಬಾಗಿಲು ತೆರೆಯುವವರು. ರಸ್ತೆಯಲ್ಲಿ ಹೋಗುವವರ ಮುಖವನ್ನೆಲ್ಲ ನೋಡುತ್ತೇನೆ, ಇವನೇ ಇರಬಹುದೇ, ಇವಳೇ ಇರಬಹುದೇ ಎಂದು. ಅವರು ಯಾವ ದೇಶದಲ್ಲಿ ಕುಳಿತಿದ್ದಾರೋ, ಅದೂ ಗೊತ್ತಿಲ್ಲ.

ನಿಮ್ಮಪ್ಪ ಈಗ ತೆಪ್ಪಗಾಗಿದ್ದಾರೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಅಂಗಡಿಯ ಬಾಗಿಲಿಗೆ ದಪ್ಪ ಅಕ್ಷರದಲ್ಲಿ ಚೀಟಿ ಅಂಟಿಸಿದ್ದಾರೆ: ನಮ್ಮ ಹಳೆಯ ವಿಳಾಸದಿಂದ ಬರುವ ಮೇಲ್ ನಮ್ಮದಲ್ಲ. ನೆನ್ನೆ ಒಂದು ಬೂಟಿನ ಅಟ್ಟೆಯನ್ನು ತಿರುಗು ಮುರುಗು ಹೊಲಿದು, ಬಿಚ್ಚಿ, ಮತ್ತೆ ಹೊಲಿದರು. ಅವರ ಕೈ ತಪ್ಪಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಹೆಸರು ಮೊದಲು ನಿನ್ನದಾಗಿತ್ತು ಎಂದು ಸಾಬೀತು ಮಾಡಿ ದೂರು ಕೊಡಬಹುದು ಎನ್ನುತ್ತಾನೆ ಜೇಡ. ಅದಕ್ಕೆ ನಿನ್ನ ಸಹಿ ಬೇಕಂತೆ. ಸಿಗುವುದು ಖಾತ್ರಿಯಿಲ್ಲವಂತೆ, ಆದರೂ ಕೊಡೋಣ. ದೂರಿನ ಕಾಗದ ಜೊತೆಗಿಟ್ಟಿದ್ದೇನೆ, ಸಹಿ ಮಾಡಿ ಕಳಿಸುತ್ತೀಯಾ? ಅಂಗಡಿಗಾಗಿ ಬೇಡ, ಆ ಮಕ್ಕಳಿಗಾಗಿ.

ಮೈ ಕಡೆ ಗಮನವಿರಲಿ. ನೂರು ಕಾಲ ಬಾಳು, ಎಲ್ಲಿದ್ದರೂ ತಣ್ಣಗಿರು.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನ ಗೆಳತಿ ಏದುಸಿರು ಬಿಡುತ್ತ ಬಂದಳು. ಬಾಗಿಲ ಚೀಟಿ ಓದಿದಳಂತೆ. ಹೇಳಬಾರದೆಂದು ನೀನು ಆಣೆ ಹಾಕಿಸಿದ್ದನ್ನು ಈಗ ಹೇಳಿದಳು. ಟಪಾಲು ಅಪ್ಪನ ಕೈಗೆ ಸಿಗುತ್ತದೆಂದು ಹೋದ ತಿಂಗಳು ನೀನು ನನ್ನ ಮೇಲಿಗೇ ಬರೆದಿದ್ದೆಯಂತೆ, "ಅಮ್ಮಾ, ಮನೆಗೆ ಬರಲಾ?" ಎಂದು. ಉತ್ತರವೂ ಬಂತಂತೆ, ಸಂಬಳ ಎಷ್ಟು, ಯಾವ ಬ್ಯಾಂಕಿಗೆ ಬರುತ್ತದೆ ಎಂದು ಕೇಳಿ. ಆಮೇಲೆ ನೀನು ಅವಳಿಗೆ, "ಅಮ್ಮನಿಗೂ ಬೇಕಾಗಿರೋದು ನನ್ನ ಸಂಬಳಾನೇ, ಇನ್ನು ಮನೆ ಮಾತು ಎತ್ತಬೇಡ" ಎಂದು ಬರೆದೆಯಂತೆ. ಅಯ್ಯೋ ಮಗಳೇ, ಆ ಉತ್ತರ ನಾನು ಬರೆದದ್ದಲ್ಲ. ನೀನು ಕೇಳಿದ್ದು ನನಗೆ ತಲುಪಲೇ ಇಲ್ಲ. ಆ ವಿಳಾಸಕ್ಕೆ ಇನ್ನೇನನ್ನೂ ಕಳಿಸಬೇಡ, ನೀನು ಎಲ್ಲಿದ್ದೀಯೆಂದು ಹೇಳಬೇಡ. ಇದು ನನ್ನ ಕೈಯ ಅಕ್ಷರ, ನಿನಗೆ ಗುರುತು ಸಿಗುತ್ತದೆ. ಟಪಾಲಿಗೆ ಹೊತ್ತಾಯಿತೆಂದು ನಿಮ್ಮಪ್ಪ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಅವರಿಗೂ ಓದಿ ಹೇಳಿದೆ, ಬೇಗ ಬರಿ ಎನ್ನುತ್ತಿದ್ದಾರೆ. ನೀನು ಕೇಳಿದ್ದಕ್ಕೆ ನನ್ನ ಉತ್ತರ ಇದೊಂದೇ: ಬಾ.