ನಡುಗೂಟದಿಂದ ಬಾವಿಗೆ

ಬಾಡಿಗೆ ಕೋಣೆ, ಎರಡನೇ ಮಹಡಿ
ಮಂಗಳವಾರ, ಮಾರ್ಚ್ ೧೨

ನನ್ನ ಮನೆಯಾಕೆಗೆ,

ಹೇಗಿದ್ದೀಯಾ? ಮೊಣಕಾಲು ನೋವು ಕಡಿಮೆಯಾಯಿತೇ? ಹೊತ್ತುಗೊತ್ತಿಲ್ಲದೆ ಹೊಲಿಗೆ ಯಂತ್ರ ತುಳಿಯುತ್ತ ಕೂರಬೇಡ ಎಂದರೆ ನೀನು ಕೇಳುವವಳಲ್ಲ. ನಾನು ಚೆನ್ನಾಗಿದ್ದೇನೆ. ಅಂದರೆ ಜ್ವರ, ನೆಗಡಿ ಏನೂ ಇಲ್ಲ. ಸಂಜೆ ಬೀಗ ತೆಗೆದು ಒಳಗೆ ಬರುವಾಗ ಮಾತ್ರ ಕಷ್ಟ. ಬೆಳಿಗ್ಗೆ ಕುಡಿದಿಟ್ಟ ಲೋಟ ಇಟ್ಟಲ್ಲೇ ಇರುತ್ತದೆ. ಮೊನ್ನೆ ಭಾನುವಾರ ಇಡೀ ದಿನ ಯಾರೊಡನೆಯೂ ಒಂದು ಮಾತಾಡಿರಲಿಲ್ಲ. ಸುಮ್ಮನೆ ಗಟ್ಟಿಯಾಗಿ "ಏ, ಕೇಳಿಸ್ತಾ?" ಎಂದು ನಿನ್ನನ್ನು ಕರೆದೆ. ಪಕ್ಕದ ಕೋಣೆಯ ಕಾಂಪೌಂಡರ್ ಬಾಗಿಲು ತಟ್ಟಿ, "ನನ್ನನ್ನಾ ಸಾರ್?" ಎಂದ. ನಗಬೇಡ.

ಕಾರ್ಖಾನೆಗಳ ವಿಷದ ಕಸ ಹೂಳಲು ಜಾಗ ಗುರುತಿಸುವ ಈ ಅಳತೆ ಮುಗಿದರೆ ನನಗೆ ಊರಿಗೆ ವರ್ಗ ಎಂದು ಸಾಹೇಬರು ಮಾತು ಕೊಟ್ಟಿದ್ದರಲ್ಲ, ಆ ಅಳತೆಯ ವರದಿಗೆ ಹೋದ ತಿಂಗಳೇ ಸಹಿಯಾಯಿತು. ಇದಕ್ಕೆ ನಿಯಮಗಳು ಒಂದೆರಡಲ್ಲ. ನೆರೆ ಬರುವ ಕಡೆ ಬೇಡ, ನೆಲದಡಿಯ ನೀರು ಆಳದಲ್ಲಿರಬೇಕು, ಐನೂರು ಮೀಟರಿನೊಳಗೆ ಕುಡಿಯುವ ನೀರಿನ ಬಾವಿ ಇರಕೂಡದು. ಹತ್ತಿರದ ಬಾವಿ ನನ್ನ ಬಟ್ಟೆ ಒಗೆಯುವ ಅಜ್ಜಿಯದು. ಐನೂರ ನಲವತ್ತು ಎಂದು ಬರೆದಿದ್ದೆ.

ಹದಿನೈದು ದಿನದ ಹಿಂದೆ ಅಂಗಿ ತರಲು ಹೋದಾಗ ಅಜ್ಜಿ ಆ ಬಾವಿಯ ನೀರು ಸೇದಿ ಕೊಟ್ಟು, "ಬೇಲಿ ಎಲ್ಲೀವರೆಗೆ ಬರುತ್ತಪ್ಪಾ?" ಎಂದು ಕೇಳಿದಳು. ಕೈಚಾಚಿ ತೋರಿಸಿದೆ. ಕೈ ಹಾಗೇ ನಿಂತುಬಿಟ್ಟಿತು. ಬೇಲಿಯ ಗೂಟಕ್ಕೆ ಕಟ್ಟಿದ ಕೆಂಪು ಬಟ್ಟೆ ಅಲ್ಲಿಂದ ಅಷ್ಟು ಹತ್ತಿರ ಕಾಣುತ್ತಿತ್ತು. ಇಪ್ಪತ್ತಾರು ವರ್ಷ ರಸ್ತೆ ಅಳೆದವನು ನಾನು. ರಸ್ತೆಯಲ್ಲಿ ಎಲ್ಲ ಅಳತೆಯೂ ನಡುಗೆರೆಯಿಂದಲೇ. ಅದೇ ಚಾಳಿಯಲ್ಲಿ ಇಲ್ಲೂ ಜಾಗದ ನಟ್ಟನಡುವಿನ ಗೂಟದಿಂದ ಅಳೆದಿದ್ದೆ. ನಿಯಮ ಹೇಳುವುದು ಬೇಲಿಯಿಂದ. ಹಾಗೆ ಹಿಡಿದರೆ ಮುನ್ನೂರ ಎಪ್ಪತ್ತೇ. ಟೇಪನ್ನು ಎಲ್ಲಿಂದ ಹಿಡಿಯಬೇಕೆಂದು ನಿನ್ನ ಹೊಲಿಗೆ ಅಂಗಡಿಗೆ ನಿನ್ನೆ ಸೇರಿದವರಿಗೂ ಗೊತ್ತಿರುತ್ತದೆ. ನಾಚಿಕೆಯಾಯಿತು ಕಣೇ.

ಸಾಹೇಬರಿಗೆ ಹೇಳಿದೆ. "ಸಹಿ ಆಗಿಹೋಗಿದೆ, ಈಗ್ಯಾಕ್ರೀ ಕೆದಕ್ತೀರಾ? ಮತ್ತೆ ಮೊದಲಿಂದ ಜಾಗ ಹುಡುಕಬೇಕಾಗುತ್ತೆ. ಆಗ ನಿಮ್ಮ ವರ್ಗದ ಮಾತು ಮರೆತುಬಿಡಿ" ಎಂದರು. ಹೂಂ ಎಂದು ಹೊರಗೆ ಬಂದೆ. ನಾಲ್ಕು ದಿನ ಊಟ ಸೇರಲಿಲ್ಲ. ಹೋಗಲಿ ಬಿಡು. ನಿನ್ನ ತಮ್ಮ ನನ್ನ ಸೈಕಲ್ ವಾಪಸು ತಂದುಕೊಟ್ಟನೇ, ಇಲ್ಲ ನುಂಗಿ ನೀರು ಕುಡಿದನೇ? ಅವನನ್ನು ಕೇಳಿದೆ ಎಂದು ಹೇಳು. ನಿಮ್ಮಮ್ಮನಿಗೆ ನಮಸ್ಕಾರ ತಿಳಿಸು. ನೀನು ಬಿಸಿಲಲ್ಲಿ ತಿರುಗಬೇಡ.

ಇಂತಿ,
ನೀನು ಕಟ್ಟಿಕೊಂಡ ಪೆದ್ದ

ಮರೆತ ಮಾತು: ಮರೆತಿದ್ದಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಐದನೆಯ ದಿನ ತಪ್ಪು ಒಪ್ಪಿಕೊಂಡು, ಸರಿಯಾದ ಅಳತೆ ಬರೆದು ಮೇಲಿನ ಕಚೇರಿಗೆ ಕಳಿಸಿದೆ. ಇವತ್ತು ಉತ್ತರ ಬಂತು. ಆ ಜಾಗ ರದ್ದು. ಹೊಸ ಜಾಗ ಸಿಗುವವರೆಗೆ ನಾನು ಇಲ್ಲೇ. ಎರಡು ವರ್ಷವಾದರೂ ಹಿಡಿದೀತು. ನಾನು ಬರುತ್ತೇನೆಂದು ನೀನು ಬೀದಿಗೆಲ್ಲ ಹೇಳಿಕೊಂಡಿದ್ದೀಯೆಂದು ಗೊತ್ತು. ಬೈಯುವುದಿದ್ದರೆ ಬೈ, ಆದರೆ ಪತ್ರದಲ್ಲಿ ಬೇಡ. ಇಲ್ಲಿಗೇ ಬಂದು, ಎದುರಿಗೆ ನಿಂತು ಬೈ.